ನಲವತ್ತೊಂಬತ್ತು ರಾಜ್ಯಗಳ ದಂಪತಿ

ಸತ್ಯನಾರಾಯಣ ಪೂಜೆಯ ಪ್ರಸಾದದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಸುಡುಬಿಸಿಲಿನಲ್ಲಿ, ಗುಡ್ಡದ ತುದಿಯಲ್ಲಿ ಕೂತು, ನಿಮ್ಮಲ್ಲಿ ಯಾರಾದರೂ ಡೆಲವೇರ್ ರಾಜ್ಯಕ್ಕಾಗಿ ಕಾದಿದ್ದೀರಾ?

ನಾನು ಕಾದಿದ್ದೇನೆ. ಹೋದ ಶನಿವಾರ. ಒಂದೂಮುಕ್ಕಾಲು ಗಂಟೆ.

ಬಸ್ಸಿಗೆ ಕಾದಿದ್ದೇನೆ. ಗ್ಯಾಸ್ ಸಿಲಿಂಡರಿಗೆ ಕಾದಿದ್ದೇನೆ. ವೀಸಾಕ್ಕೆ ಕಾದು ಕಾದು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಿದ್ದೇನೆ. ಆದರೆ ಒಂದು ಇಡೀ ರಾಜ್ಯ ಗಾಳಿಯಲ್ಲಿ ತೇಲಿ ಬರಲಿ ಎಂದು ಕಾದದ್ದು ಇದೇ ಮೊದಲು.

ಆದದ್ದಿಷ್ಟು. ಪೊಮೊನಾದಲ್ಲಿ ಸ್ನೇಹಿತರೊಬ್ಬರ ಹೊಸ ಮನೆ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ. ನಾವಿರುವುದು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ. ಪೊಮೊನಾಕ್ಕೆ ಒಂದೂವರೆ ಗಂಟೆಯ ಡ್ರೈವ್, ಟ್ರಾಫಿಕ್ ಇದ್ದರೆ ಎರಡೂವರೆ. ನಮ್ಮವರಿಗೆ ಆಫೀಸಿನಲ್ಲಿ ಏನೋ ರಿಲೀಸ್. ನನಗೆ ಡ್ರೈವಿಂಗ್ ಬರುತ್ತದೆ, ಫ್ರೀವೇ ಬರುವುದಿಲ್ಲ. (ತರಕಾರಿ ಅಂಗಡಿ, ದೇವಸ್ಥಾನ, ಲೈಬ್ರರಿ. ಈ ಮೂರಕ್ಕೆ ಸಾಲುವಷ್ಟು ಡ್ರೈವಿಂಗನ್ನು ಭಗವಂತ ನನಗೆ ಕೊಟ್ಟಿದ್ದಾನೆ. ಅದಕ್ಕಿಂತ ಹೆಚ್ಚು ನಾನು ಕೇಳಿಲ್ಲ.)

ಹಾಗಾಗಿ ಎದುರು ಮನೆಯ ರಾಘು ಮತ್ತು ಶ್ರೀಲತಾ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ರಾಘು ಗದಗಿನವನು, ಫೋನ್ ಚಿಪ್ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಶ್ರೀಲತಾ ಕುಂದಾಪುರದ ಕಡೆಯವಳು, ಹತ್ತಿರದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಇಬ್ಬರಿಗೂ ಮೂವತ್ತೈದರ ಆಸುಪಾಸು. ಮಗಳು ಅನಘಾ, ಏಳು ವರ್ಷ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ.

ಈ ಗಂಡ ಹೆಂಡತಿಗೆ ಒಂದು ಹುಚ್ಚು ಇದೆ. ಹ್ಯಾಮ್ ರೇಡಿಯೋ.

ಏನದು ಎಂದು ನನ್ನನ್ನು ಕೇಳಬೇಡಿ ಎನ್ನುವ ಸ್ಥಿತಿಯಲ್ಲಿ ನಾನು ಹೋದ ಶುಕ್ರವಾರದ ತನಕ ಇದ್ದೆ. ಈಗ ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಪರೀಕ್ಷೆ ಪಾಸು ಮಾಡಿದರೆ ಸರ್ಕಾರ ನಿಮಗೊಂದು ಗುರುತಿನ ಹೆಸರು ಕೊಡುತ್ತದೆ, ನಾಲ್ಕಾರು ಅಕ್ಷರ-ಅಂಕಿಗಳದ್ದು. ಆಮೇಲೆ ನಿಮ್ಮ ರೇಡಿಯೋದಿಂದ ನೀವು ಜಗತ್ತಿನ ಯಾರನ್ನು ಬೇಕಾದರೂ ಕೂಗಿ ಕರೆಯಬಹುದು. ಮಧ್ಯೆ ಫೋನ್ ಕಂಪನಿ ಇಲ್ಲ, ಇಂಟರ್‌ನೆಟ್ ಇಲ್ಲ. ಒಂದು ತಂತಿ, ಒಂದು ಬ್ಯಾಟರಿ, ಮೇಲೆ ಆಕಾಶ.

‘ಫೋನ್ ಇದೆಯಲ್ಲಪ್ಪಾ? ನೀನೇ ಅಲ್ಲವೇ ಅದರ ಚಿಪ್ ಮಾಡೋನು?’ ಎಂದು ಹೋಗುವಾಗಲೇ ರಾಘುವನ್ನು ಕೇಳಿದೆ.

‘ಅಂಗಡ್ಯಾಗ ಮೀನು ಸಿಗ್ತದಲ್ರೀ ಆಂಟಿ. ಹಂಗಂತ ಗಾಳ ಹಾಕೋರು ಗಾಳ ಹಾಕೋದು ಬಿಟ್ಟಾರೇನ್ರೀ?’ ಎಂದ.

ಪೂಜೆಗೆ ಹೊರಟಿದ್ದೇವೆ, ಇವನು ಮೀನಿನ ಮಾತು ತೆಗೆದ. ನಾನು ಮನಸ್ಸಿನಲ್ಲೇ ನಾರಾಯಣ ಎಂದೆ.

ಈ ಹುಚ್ಚು ಮೊದಲು ಹತ್ತಿದ್ದು ರಾಘುವಿಗೆ. ಎರಡು ಸಾವಿರದ ಎಂಟರಲ್ಲಿ ಪೊಮೊನಾಕ್ಕೆ ಎಂ.ಎಸ್. ಓದಲು ಬಂದ. ಕ್ಯಾಂಪಸ್ಸಿನಲ್ಲಿ ಗೆಳೆಯರೊಂದಿಗೆ ಸೇರಿ ಕಲಿತ. ಮದುವೆಯಾಗಿ ಕೆಲಸ ಸಿಕ್ಕಿ, ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದರು. ಪ್ರತಿ ಭಾನುವಾರ ಬೆಳಿಗ್ಗೆ ಹೊಸ ಗಂಡ ಒಂದು ಚೀಲ ಹೆಗಲಿಗೇರಿಸಿ ಸಮುದ್ರದ ದಂಡೆಗೆ ಹೋಗಿಬಿಡುತ್ತಿದ್ದನಂತೆ. ಬರುವಾಗ ಮುಖ ಅರಳಿರುತ್ತಿತ್ತಂತೆ.

‘ಯಾರೊಟ್ಟಿಗೆ ಮಾತಾಡಿದ್ದು ಕೇಳಿದ್ರೆ, ಇವತ್ತು ಜಪಾನಿನವ್ರು ಸಿಕ್ಕಿದ್ರು, ಇವತ್ತು ಹವಾಯಿಯವ್ರು ಸಿಕ್ಕಿದ್ರು ಅಂತಾರೆ! ಹೊಸತಾಗಿ ಮದುವೆಯಾದ ಹೆಂಡತಿಗೆ ಹೇಗೆ ಆಗ್ಬೇಕು ಹೇಳಿ ಆಂಟಿ?’ ಎಂದಳು ಶ್ರೀಲತಾ.

‘ನೀ ಏನು ಮಾಡಿದೆ?’

‘ಎಂತ ಮಾಡುದು? ಪುಸ್ತಕ ತಂದೆ. ಮೂರು ವಾರ ಓದಿದೆ. ಪರೀಕ್ಷೆ ಬರೆದೆ. ಯಾರೊಟ್ಟಿಗೆ ಮಾತಾಡ್ತಾರೆ ಅಂತ ನಾನೇ ಕೇಳಿ ನೋಡುವ ಅಂತ.’

ಕೇಳಿಸಿಕೊಂಡಿರಾ? ಗಂಡನ ಮೇಲಿನ ಅನುಮಾನಕ್ಕೆ ಸರ್ಕಾರಿ ಪರೀಕ್ಷೆ ಬರೆದು ಪಾಸಾದ ಹೆಣ್ಣನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಾವೆಲ್ಲ ಹೆಚ್ಚೆಂದರೆ ಅಂಗಿಯ ಜೇಬು ನೋಡಿದವರು.

‘ನನಗಿಂತ ಮೂರು ಮಾರ್ಕ್ಸ್ ಜಾಸ್ತಿ ತಗೊಂಡ್ಳ್ರೀ. ಇವತ್ತಿಗೂ ಹೇಳಿ ತೋರಸ್ತಾಳ’ ಎಂದು ರಾಘು ಸ್ಟಿಯರಿಂಗ್ ತಟ್ಟಿದ. ಹೊಟ್ಟೆಕಿಚ್ಚಿನಿಂದಲ್ಲ. ತಮ್ಮ ಹೊಲದ ಜೋಳ ತೋರಿಸುವವರ ದನಿಯಲ್ಲಿ.

ಅಲ್ಲಿಂದ ಇಬ್ಬರದೂ ಒಂದೇ ಹುಚ್ಚು. ಭಾನುವಾರದ ಚೀಲ ಒಂದಿದ್ದದ್ದು ಎರಡಾಯಿತು. ಒಂದರಲ್ಲಿ ರೇಡಿಯೋ, ಒಂದರಲ್ಲಿ ಚಿತ್ರಾನ್ನ.

ಈ ಹವ್ಯಾಸದಲ್ಲಿ ನನಗೆ ಬಹಳ ಹಿಡಿಸಿದ ಒಂದು ಪದ್ಧತಿ ಇದೆ. ನೀವು ಯಾರನ್ನಾದರೂ ಕರೆದು, ಅವರು ಓಗೊಟ್ಟರೆ, ಮೊದಲು ಹೇಳಬೇಕಾದದ್ದು ನಿಮ್ಮ ಊರು, ಕೆಲಸ, ಸಂಬಳ ಅಲ್ಲ. ‘ನೀವು ನನಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದ್ದೀರಿ’ ಎನ್ನುವುದು. ಅದಕ್ಕೆ ಎರಡು ಅಂಕಿ. ಮಾತು ಎಷ್ಟು ಸ್ಪಷ್ಟ ಎನ್ನುವುದಕ್ಕೆ ಐದರಲ್ಲಿ ಇಷ್ಟು, ದನಿ ಎಷ್ಟು ಗಟ್ಟಿ ಎನ್ನುವುದಕ್ಕೆ ಒಂಬತ್ತರಲ್ಲಿ ಇಷ್ಟು. ಐದು-ಒಂಬತ್ತು ಎಂದರೆ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ.

ಅಲ್ಲ, ಎಂಥ ಒಳ್ಳೆಯ ಪದ್ಧತಿ! ಮಾತಿಗೆ ಮುಂಚೆ, ‘ನೀನು ನನಗೆ ಕೇಳಿಸುತ್ತಿದ್ದೀಯ’ ಎಂದು ಹೇಳುವುದು. ಎಷ್ಟು ಮನೆಗಳಲ್ಲಿ ಇದು ನಡೆಯುತ್ತದೆ? ನಮ್ಮವರು ಲ್ಯಾಪ್‌ಟಾಪ್ ಮುಂದಿದ್ದಾಗ ನಾನು ಕರೆದರೆ ಒಂದು-ಒಂದು ಕೂಡ ಇರುವುದಿಲ್ಲ.

ಈ ಇಬ್ಬರು ಮನೆಯಲ್ಲೂ ಇದನ್ನೇ ಬಳಸುತ್ತಾರೆ. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ‘ಸಾರು ಹೇಗಿದೆ?’ ಎಂದಳು ಇವಳು. ‘ಐದು-ಆರು’ ಎಂದ ಅವನು. ‘ಉಪ್ಪು ಕಡಿಮೆಯಾ?’ ಎಂದು ಎದ್ದು ಉಪ್ಪು ತಂದಳು. ಜಗಳವಿಲ್ಲ, ಮುನಿಸಿಲ್ಲ. ನಮ್ಮ ಮನೆಯಲ್ಲಾದರೆ ‘ಪರವಾಗಿಲ್ಲ’ ಎನ್ನುವ ಉತ್ತರ, ಅದರ ಹಿಂದೆ ಅರ್ಧ ದಿನದ ಮೌನ.

ಈಗ ಡೆಲವೇರ್‌ಗೆ ಬರೋಣ.

ಅಮೆರಿಕದ ಐವತ್ತು ರಾಜ್ಯಗಳಲ್ಲೂ ತಲಾ ಒಬ್ಬರೊಡನೆಯಾದರೂ ಮಾತಾಡಿದರೆ ಒಂದು ಸರ್ಟಿಫಿಕೇಟ್ ಕೊಡುತ್ತಾರಂತೆ. ಗಂಡ ಮಾತಾಡಿದ್ದು ಹೆಂಡತಿಯ ಲೆಕ್ಕಕ್ಕೆ ಸೇರದು. ಅವರವರ ಗುರುತಿನ ಹೆಸರಿನಲ್ಲಿ ಅವರವರೇ ಕರೆಯಬೇಕು. ರಾಘುವಿನದು ಎರಡು ವರ್ಷದ ಹಿಂದೆಯೇ ಐವತ್ತು ಮುಗಿಯಿತು. ಶ್ರೀಲತಾಳದು ನಲವತ್ತೊಂಬತ್ತಕ್ಕೆ ನಿಂತಿತು. ಉಳಿದದ್ದು ಡೆಲವೇರ್. ಪೂರ್ವದ ತುದಿಯಲ್ಲಿರುವ ಪುಟ್ಟ ರಾಜ್ಯ. ಅಲ್ಲಿ ಜನವೇ ಕಡಿಮೆ, ಅವರಲ್ಲಿ ರೇಡಿಯೋ ಇಟ್ಟವರು ಇನ್ನೂ ಕಡಿಮೆ, ಅವರಲ್ಲಿ ನಮ್ಮ ಶ್ರೀಲತಾ ಕರೆಯುವ ಹೊತ್ತಿಗೆ ಕಿವಿಗೊಟ್ಟು ಕೂತವರು ಎಷ್ಟು?

ರಾಘು ತನ್ನ ಸರ್ಟಿಫಿಕೇಟಿಗೆ ಅಪ್ಲೈ ಮಾಡಿರಲಿಲ್ಲ. ‘ಆಕೀದೂ ಆಗ್ಲಿ, ಜೋಡಿ ಹಾಕೋಣು’ ಎಂದು ಕಾದಿದ್ದ. ಎರಡು ವರ್ಷ! ಅವರ ಗ್ಯಾರೇಜಿನ ಗೋಡೆಯಲ್ಲಿ ಎರಡು ಮೊಳೆ ಅಕ್ಕಪಕ್ಕ ಹೊಡೆದು ಖಾಲಿ ಬಿಟ್ಟಿರುವುದನ್ನು ನಾನೇ ನೋಡಿದ್ದೇನೆ.

ಮನೆಯಿಂದಲೇ ಕರೆಯಬಾರದೇ? ಕರೆಯಬಹುದು. ಆದರೆ ನಮ್ಮ ಬಡಾವಣೆಯ ಸಂಘದವರು ಛಾವಣಿಯ ಮೇಲೆ ಆಂಟೆನಾ ನಿಲ್ಲಿಸಲು ಬಿಡುವುದಿಲ್ಲ. (ಗ್ಯಾರೇಜು ಬಾಗಿಲಿಗೆ ಯಾವ ಬಣ್ಣ ಎಂದು ಕೂಡ ಅವರನ್ನೇ ಕೇಳಬೇಕು.) ಹಿತ್ತಿಲ ನಿಂಬೆ ಗಿಡದಿಂದ ಬೇಲಿಯ ತನಕ ಒಂದು ಸಣ್ಣ ತಂತಿ ಎಳೆದಿದ್ದಾರೆ, ಅದರ ಮೇಲೆ ಶ್ರೀಲತಾ ಮಗಳ ಸಾಕ್ಸ್ ಒಣಹಾಕುತ್ತಾಳೆ, ಸಂಘದವರ ಕಣ್ಣಿಗೆ ಬಟ್ಟೆ ತಂತಿಯಾಗಿ ಕಾಣಲಿ ಎಂದು. ಬಟ್ಟೆ ಒಣಹಾಕುವುದಕ್ಕೂ ಸಂಘದವರು ತಕರಾರು ತೆಗೆದರು, ಅದು ಬೇರೆ ಕಥೆ. ಜೊತೆಗೆ ಅಕ್ಕಪಕ್ಕದವರೆಲ್ಲ ಸೋಲಾರ್ ಪ್ಯಾನೆಲ್ ಹಾಕಿಸಿದ್ದಾರೆ, ಬಿಸಿಲೇರಿದರೆ ರೇಡಿಯೋದಲ್ಲಿ ಬರೀ ಗೊರಗೊರ.

ಇನ್ನೊಂದು ತೊಂದರೆ ಸಾಕ್ಷಾತ್ ಸೂರ್ಯದೇವರದು. ಸೂರ್ಯನ ಮೈಮೇಲೆ ಕಲೆಗಳಿದ್ದರೆ ರೇಡಿಯೋದ ದನಿ ದೂರ ಹೋಗುತ್ತದಂತೆ. ಈ ಒಂದೆರಡು ವರ್ಷದಿಂದ ಕಲೆಗಳೇ ಕಾಣುತ್ತಿಲ್ಲವಂತೆ. ಸೂರ್ಯನಿಗೆ ಅರ್ಘ್ಯ ಬಿಟ್ಟು ಆರೋಗ್ಯ ಕೇಳುವವರನ್ನು ನೋಡಿದ್ದೇನೆ. ನಿನಗೊಂದು ಕಲೆ ಬರಲಪ್ಪಾ ಎಂದು ಬೇಡಿಕೊಳ್ಳುವವರನ್ನು ನೋಡಿದ್ದು ಇವರನ್ನೇ.

ಪೊಮೊನಾದಲ್ಲಿ ಪೂಜೆ ಚೆನ್ನಾಗಿ ಆಯಿತು. ಪ್ರಸಾದದ ಸಪಾದ ಭಕ್ಷ್ಯ ಘಮಘಮ. ಊಟ ಮುಗಿದಾಗ ಒಂದು ಗಂಟೆ. ಹೊರಟೆವು. ಕಾರು ಫ್ರೀವೇ ಹತ್ತುವ ಬದಲು ಗುಡ್ಡ ಹತ್ತತೊಡಗಿತು.

‘ಹತ್ತ ನಿಮಿಷ ರೀ ಆಂಟಿ. ನಾ ಓದೋ ಮುಂದ ಬರ್ತಿದ್ದ ಜಾಗ. ಇಲ್ಲಿಂದ ಪೂರ್ವದ ಕಡೆ ಭಾಳ ಛೊಲೋ ಹೋಗ್ತದ.’

ಗಂಡಸರ ಹತ್ತು ನಿಮಿಷ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಲಿಫ್ಟ್ ತೆಗೆದುಕೊಂಡವರಿಗೆ ಬಾಯಿ ಇರುವುದಿಲ್ಲ.

ಗುಡ್ಡದ ಮೇಲೊಂದು ಪಾರ್ಕು. ಒಂದು ಕಲ್ಲು ಬೆಂಚು, ಒಂದು ಮರ, ಮರಕ್ಕೆ ಸಾಲದ ನೆರಳು. ಪಶ್ಚಿಮಕ್ಕೆ ನೋಡಿದರೆ ದೂರದ ಮಬ್ಬಿನಲ್ಲಿ ಲಾಸ್ ಏಂಜಲೀಸಿನ ಎತ್ತರದ ಕಟ್ಟಡಗಳು, ಊದುಬತ್ತಿ ನಿಲ್ಲಿಸಿದ ಹಾಗೆ. ರೇಷ್ಮೆ ಸೀರೆಯಲ್ಲಿ ನಾನು, ರೇಷ್ಮೆ ಸೀರೆಯಲ್ಲಿ ಶ್ರೀಲತಾ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಡಚುವ ಗಾಳದ ಕೋಲನ್ನು ಉದ್ದ ಮಾಡಿ, ಅದರ ತುದಿಗೆ ತಂತಿ ಕಟ್ಟಿ ಬೆಂಚಿಗೆ ಬಿಗಿದಳು. ಅವನು ಟಿಫಿನ್ ಡಬ್ಬಿಯಷ್ಟು ದೊಡ್ಡ ರೇಡಿಯೋ ತೆಗೆದು ಬ್ಯಾಟರಿಗೆ ಜೋಡಿಸಿದ. ಒಬ್ಬರಿಗೊಬ್ಬರು ‘ಅದು ಕೊಡು, ಇದು ಹಿಡಿ’ ಎನ್ನಲಿಲ್ಲ. ಅವಳು ಕೈ ಚಾಚುವ ಮೊದಲೇ ಅಲ್ಲಿ ಹಗ್ಗ ಇರುತ್ತಿತ್ತು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ನಾವು ಇವತ್ತಿಗೂ ಬೆಡ್‌ಶೀಟ್ ಮಡಚಲು ನಿಂತರೆ ಇಬ್ಬರೂ ಒಂದೇ ಕಡೆ ತಿರುಗುತ್ತೇವೆ.

ಅನಘಾ ಹುಲ್ಲಿನಲ್ಲಿ ಕೂತು ಚಿತ್ರ ಬರೆಯತೊಡಗಿದಳು. ನಾನು ಪ್ರಸಾದದ ಡಬ್ಬಿ ಹಿಡಿದು ಬೆಂಚಿನ ತುದಿಯಲ್ಲಿ ಕೂತೆ.

ಒಂದು ಗಂಟೆ ಏನೂ ಇಲ್ಲ. ಗೊರಗೊರ. ಟೆಕ್ಸಾಸ್ ಸಿಕ್ಕಿತು, ಒಹಾಯೋ ಸಿಕ್ಕಿತು. ಅವೆಲ್ಲ ಮೊದಲೇ ಸಿಕ್ಕಿದ್ದವು. ಆದರೂ ಅವಳು ಒಬ್ಬೊಬ್ಬರನ್ನೂ ಹೊಸ ನೆಂಟರಂತೆ ಮಾತಾಡಿಸಿದಳು.

ಆಮೇಲೆ ಅವಳ ಬೆನ್ನು ನೆಟ್ಟಗಾಯಿತು. ರಾಘು ನನ್ನ ಕಡೆ ಅಂಗೈ ಎತ್ತಿದ, ಉಸಿರೂ ಬಿಡಬೇಡಿ ಎನ್ನುವ ಹಾಗೆ.

ಜಲಪಾತದ ಹಿಂದೆ ನಿಂತು ಮಾತಾಡಿದಂತೆ ಒಬ್ಬ ಮುದುಕರ ದನಿ. ತಮ್ಮ ಗುರುತು ಹೇಳಿದರು. ಡೆಲವೇರ್ ಎಂದರು. ಅದು ನನಗೂ ಕೇಳಿಸಿತು!

ಅವರನ್ನು ಎಷ್ಟೋ ಜನ ಒಟ್ಟಿಗೆ ಕರೆಯುತ್ತಿದ್ದರು. ಮೂರೂರಿನ ಜನ ಒಂದೇ ಬಾವಿಗೆ ಬಿಂದಿಗೆ ಇಳಿಬಿಟ್ಟಂತೆ. ಶ್ರೀಲತಾ ತನ್ನ ಗುರುತು ಹೇಳಿದಳು. ಇಲ್ಲ. ಮತ್ತೆ ಹೇಳಿದಳು. ಇಲ್ಲ. ಮೂರನೆಯ ಸಲ ಆ ಮುದುಕರು ಅವಳ ಗುರುತಿನ ಕೊನೆಯ ಎರಡು ಅಕ್ಷರ ಹೇಳಿ, ಇದು ಯಾರು, ಪೂರ್ತಿ ಹೇಳಿ ಎಂದು ಕೇಳಿದರು.

ಭೂಮಿಯ ಆ ತುದಿಯಲ್ಲಿ ಯಾರೋ ಒಬ್ಬರು ನಮ್ಮ ಶ್ರೀಲತಾಳನ್ನು ಗುಂಪಿನಿಂದ ಹೆಕ್ಕಿ ತೆಗೆದು ‘ನೀನು ಯಾರಮ್ಮಾ’ ಎಂದು ಕೇಳುತ್ತಿದ್ದಾರೆ.

ಅವಳು ಪೂರ್ತಿ ಹೇಳಿದಳು. ಒಂದೊಂದೇ ಅಕ್ಷರ, ನಿಧಾನವಾಗಿ, ಎರಡು ಸಲ. ಅವರಿಗೆ ಮೂರು-ಮೂರು ಎಂದು ಅಂಕ ಕೊಟ್ಟಳು. ಆಮೇಲೆ ಮೈಕು ಬಿಟ್ಟು ಕಿವಿಗೊಟ್ಟಳು.

ಗೊರಗೊರ. ಗೊರಗೊರದ ನಡುವೆ ಏನೋ ಒಂದು ‘ಥ್ಯಾಂಕ್’. ಮತ್ತೆ ಗೊರಗೊರ. ಮತ್ತೆ ಏನೂ ಇಲ್ಲ.

ಅವಳು ಕರೆದಳು. ಕರೆದಳು. ಕಾಲು ಗಂಟೆ ಕರೆದಳು. ಡೆಲವೇರ್ ಮುಳುಗಿಹೋಗಿತ್ತು.

‘ಆತು! ಬರ್ಕೋ!’ ಎಂದ ರಾಘು. ‘ಐವತ್ತು ಆತು ಲತಾ!’

ಪ್ರತಿಯೊಂದು ಮಾತುಕತೆಯನ್ನೂ ಬರೆದಿಡಲು ಇಬ್ಬರಿಗೂ ಒಂದೊಂದು ಪುಸ್ತಕವಿದೆ. ಶ್ರೀಲತಾಳ ಪುಸ್ತಕದ ಮೊದಲ ಪುಟದಲ್ಲಿ ಶ್ರೀ ಬರೆದು ಅರಿಸಿನ ಕುಂಕುಮ ಹಚ್ಚಿದೆ. ಅವಳು ಪುಸ್ತಕ ತೆರೆದಳು, ಪೆನ್ನು ಹಿಡಿದಳು. ಹಿಡಿದುಕೊಂಡೇ ಕೂತಳು.

‘ಎಂತ ಬರೆಯುದು? ಆಗ್ಲಿಲ್ಲ.’

‘ಆಗ್ಲಿಲ್ಲ ಅಂದ್ರ? ಥ್ಯಾಂಕ್ಸ್ ಅಂದ್ರಲ್ಲ ಅವರು.’

‘ಯಾರಿಗೆ ಅಂದದ್ದು? ನನ್ನ ಗುರುತು ಪೂರ್ತಿ ಅವ್ರು ವಾಪಸ್ ಹೇಳ್ಲಿಲ್ಲ. ನನಗೆ ನಂಬರ್ ಕೊಡ್ಲಿಲ್ಲ. ನಾನು ಕೊಟ್ಟದ್ದು ಅವ್ರಿಗೆ ಮುಟ್ಟಿತಾ ಇಲ್ವಾ ಗೊತ್ತಿಲ್ಲ. ಅವ್ರಿಗೆ ನಾನು ಇನ್ನೂ ಎರಡು ಅಕ್ಷರವೇ.’

ನಿಯಮ ಅದಂತೆ. ಅವರು ನಿಮ್ಮ ಗುರುತನ್ನು ಪೂರ್ತಿ ಹೇಳಬೇಕು, ನೀವು ಅವರದ್ದನ್ನು. ಇಬ್ಬರೂ ಅಂಕ ಕೊಟ್ಟು, ಮುಟ್ಟಿತು ಎನ್ನಬೇಕು. ಅಲ್ಲಿಯ ತನಕ ಅದು ಮಾತುಕತೆಯೇ ಅಲ್ಲ.

ನನಗೆ ತಡೆಯಲಾಗಲಿಲ್ಲ. ಹೇಳುತ್ತೇನೆ, ನಾಚಿಕೆ ಯಾಕೆ? ಬಿಸಿಲು, ಸೀರೆ, ಒಂದೂಮುಕ್ಕಾಲು ಗಂಟೆ. ನಾನು ಕೂಡ ರಾಘುವಿನ ಪಕ್ಷ ಸೇರಿದೆ.

‘ಬರ್ಕೊಳ್ಳಮ್ಮ. ನಾನೂ ಕೇಳಿದೀನಿ, ಡೆಲವೇರ್ ಅಂದ್ರು. ಮೇಲಿರೋ ದೇವರು ನೋಡಿದಾನೆ.’

‘ದೇವರು ನೋಡಿದ್ದು ಹೌದು ಆಂಟಿ’ ಎಂದಳು ಶ್ರೀಲತಾ. ‘ಅದೇ ತೊಂದ್ರೆ.’

ನಾನು ಪ್ರಸಾದದ ಡಬ್ಬಿಯ ಮುಚ್ಚಳ ಒತ್ತಿ ಭದ್ರಮಾಡಿದೆ.

ಆದರೂ ರಾಘು ಬಿಡಲಿಲ್ಲ. ಬರೆದು, ಮಾತಾಡಿದ್ದಕ್ಕೆ ಸಾಕ್ಷಿ ಕೇಳಿ ಆ ಅಜ್ಜನಿಗೊಂದು ಕಾರ್ಡು ಕಳಿಸು, ಅವರು ಬರೆದುಕೊಂಡಿದ್ದರೆ ಹೌದು ಎನ್ನುತ್ತಾರೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ, ಅದರಲ್ಲೇನು ಮೋಸ ಎಂದ. ನ್ಯಾಯವಾಗಿಯೇ ಕಂಡಿತು.

‘ಪಾಪ, ಅವ್ರು ಒಳ್ಳೆಯವ್ರು ಇರ್ತಾರೆ. ದೂರದ ಹೆಂಗಸು ಕಾರ್ಡು ಬರೆದಿದ್ದಾಳೆ, ಇರ್ಲಿ ಅಂತ ಹೌದು ಅಂದುಬಿಡ್ತಾರೆ. ಆಗ ಐವತ್ತನೇದು ಸಿಕ್ಕಿದ್ದು ರೇಡಿಯೋದಲ್ಲಾ, ಪೋಸ್ಟಿನಲ್ಲಾ?’

ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಅಳುತ್ತಿರಲಿಲ್ಲ. ಆದರೆ ಕೋಲು ಮಡಚುವಾಗ ಅವಳ ಬೆರಳು ಎರಡು ಸಲ ಸಿಕ್ಕಿಹಾಕಿಕೊಂಡಿತು.

ಕಾರು ಹದಿನೈದನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ತಿರುಗಿತು. ನಾನು ಹಿಂದಿನ ಸೀಟಿನಲ್ಲಿ ನನ್ನ ಲೆಕ್ಕಗಳನ್ನು ನೆನೆಯುತ್ತಿದ್ದೆ. ನಿಮಗೆ ಗೊತ್ತಲ್ಲ, ಹೋದ ವರ್ಷ ಲಕ್ಷ ಬತ್ತಿಯ ವ್ರತ ಹಿಡಿದಿದ್ದೆ, ಇದೇ ಅಂಕಣದಲ್ಲಿ ಜಂಬವಾಗಿ ಬರೆದಿದ್ದೆ ಕೂಡ. ನಿಮಗೆ ಹೇಳದೇ ಉಳಿಸಿಕೊಂಡದ್ದು ಒಂದಿದೆ. ಮೊದಲ ಸಾವಿರ ಬತ್ತಿಗಳನ್ನು ಎಣಿಸಿದೆ. ಆಮೇಲೆ ಅವುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ನೋಡಿದೆ. ಉಳಿದ ತೊಂಬತ್ತೊಂಬತ್ತು ಸಾವಿರ ತೂಕದ ಮೇಲೆ ನಡೆದವು. ಕೈ ನೋಯುತ್ತಿತ್ತು, ಹತ್ತಿ ದೇವರದು, ತಕ್ಕಡಿಯೂ ದೇವರದೇ ಎಂದು ಸಮಾಧಾನ ಹೇಳಿಕೊಂಡಿದ್ದೆ. ಇಲ್ಲಿ ನನ್ನ ಮುಂದಿನ ಸೀಟಿನಲ್ಲಿ, ವ್ರತವೂ ಅಲ್ಲದ, ಪುಣ್ಯವೂ ಇಲ್ಲದ, ಯಾರೂ ಪರೀಕ್ಷಿಸದ ಒಂದು ಪುಸ್ತಕಕ್ಕೆ ಹೆಣ್ಣೊಬ್ಬಳು ಒಂದೇ ಒಂದು ಸಾಲು ಸುಳ್ಳು ಬರೆಯಲು ಒಪ್ಪಲಿಲ್ಲ. ಭಕ್ತೆ ಎಂದು ಹೆಸರು ಮಾತ್ರ ನನಗೆ.

ಟೆಮೆಕ್ಯುಲಾ ಹತ್ತಿರ ಟ್ರಾಫಿಕ್ ನಿಂತಿತು. ಕಾರು ನಿಂತಿತು. ಆಗ ರಾಘು ಬಾಯಿ ತೆರೆದ. ಮುಂದಿನ ಲಾರಿಯ ಬೆನ್ನು ನೋಡುತ್ತಾ.

‘ಲತಾ, ನಂದೂ ಅಂಥಾದ್ದ.’

‘ಎಂತದ್ದು?’

‘ನನ್ನ ಡೆಲವೇರ್. ಪೂರ್ತಿ ಆಗಿರ್ಲಿಲ್ಲ. ಅಲ್ಲಿ ಬ್ಯಾರೆ ಒಬ್ಬ ಅಜ್ಜ, ನನ್ನ ಗುರುತು ಹೇಳೋದ್ರಾಗ ಅವರ ದನಿ ಹೋಗಿಬಿಡ್ತು. ನಾ ಬರ್ಕೊಂಡೆ. ಕಾರ್ಡು ಕಳಿಸಿದೆ. ನೀವ ಇರಬಹುದು ಅಂತ ಅನಸ್ತದ, ತಗೋರಿ ಅಂತ ಆ ಅಜ್ಜ ವಾಪಸ್ ಕಳಿಸಿದ್ರು.’

ನಾನು ಕಿಟಕಿಯ ಕಡೆ ತಿರುಗಿ, ಇಲ್ಲದವಳ ಹಾಗೆ ಕೂತೆ. ಲಿಫ್ಟ್ ತೆಗೆದುಕೊಂಡವರಿಗೆ ಇಂಥ ಹೊತ್ತಿನಲ್ಲಿ ಇಳಿದು ಹೋಗುವ ಸೌಲಭ್ಯವೂ ಇರುವುದಿಲ್ಲ.

‘ಮತ್ತೆ ಎರಡು ವರ್ಷ ನನ್ನನ್ನು ಕಾದದ್ದು ಅಂತ ಊರಿಗೆಲ್ಲ ಹೇಳಿದ್ದು?’ ಶ್ರೀಲತಾಳ ದನಿ ತಣ್ಣಗಿತ್ತು. ನನಗೆ ಭಯವಾಯಿತು.

‘ಕಾದದ್ದು ಖರೇ. ಅಪ್ಲೈ ಮಾಡಾಕ ಧೈರ್ಯ ಇರ್ಲಿಲ್ಲ, ಅದೂ ಖರೇ. ಎರಡೂ ಖರೇ.’

ನಾನು ಗಂಡಸರ ತಪ್ಪೊಪ್ಪಿಗೆಗಳನ್ನು ಅಷ್ಟಾಗಿ ಕೇಳಿದವಳಲ್ಲ. ಕೇಳಿದ ಒಂದೆರಡರಲ್ಲೂ ‘ಆದರೆ’ ಇತ್ತು. ಇದರಲ್ಲಿ ಇರಲಿಲ್ಲ. ಅವನು ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಅವಳಿಗೆ ಮುಂದೊಂದು ದಿನ ಡೆಲವೇರ್ ಸಿಕ್ಕೇ ಸಿಗುತ್ತಿತ್ತು. ಎರಡು ಸರ್ಟಿಫಿಕೇಟೂ ಗೋಡೆಗೇರುತ್ತಿದ್ದವು. ಕಾರ್ಡಂತೂ ಕೈಯಲ್ಲೇ ಇದೆ, ಕಾನೂನಿಗೆ ಅಷ್ಟು ಸಾಕು.

ಶ್ರೀಲತಾ ಬಗ್ಗಿ ಕಾಲಬಳಿಯ ಚೀಲಕ್ಕೆ ಕೈ ಹಾಕಿದಳು. ಅವನ ಪುಸ್ತಕ ತೆಗೆದಳು, ಪುಟ ಹುಡುಕಿದಳು. ಪೆನ್ನಿನ ಜೊತೆ ಅವನ ತೊಡೆಯ ಮೇಲಿಟ್ಟಳು.

‘ನಾನು ಹೊಡೆಯುದಿಲ್ಲ. ನಿಮ್ಮ ಪುಸ್ತಕ, ನೀವೇ ಹೊಡೀರಿ.’

ಟ್ರಾಫಿಕ್ ಇನ್ನೂ ನಿಂತೇ ಇತ್ತು. (ಆ ಹೆದ್ದಾರಿಯ ಟ್ರಾಫಿಕ್ ಒಂದು ಒಳ್ಳೆಯ ಕೆಲಸಕ್ಕೆ ಬಂದದ್ದನ್ನು ಅವತ್ತೇ ನೋಡಿದ್ದು.) ಅವನು ಸ್ಟಿಯರಿಂಗಿನ ಮೇಲೆ ಪುಸ್ತಕವಿಟ್ಟು ಡೆಲವೇರ್ ಮೇಲೆ ಒಂದು ಗೆರೆ ಎಳೆದ. ನೇರವಾಗಿ, ನಿಧಾನವಾಗಿ.

ಇಷ್ಟು ಹೊತ್ತು ನಿದ್ದೆ ಮಾಡುತ್ತಿದ್ದಾಳೆ ಎಂದು ನಾನು ತಿಳಿದಿದ್ದ ಅನಘಾ ಕಣ್ಣು ತೆರೆಯದೇ ಕೇಳಿದಳು. ‘ಸೋ ಬೋತ್ ಆಫ್ ಯು ಹ್ಯಾವ್ ಫಾರ್ಟಿ-ನೈನ್?’

‘ಹೂಂ ಮಗಾ’ ಎಂದಳು ಶ್ರೀಲತಾ.

‘ದಟ್ಸ್ ಬೆಟರ್. ಈಗ ಟೈ.’ ಎರಡನೆಯ ಮಾತನ್ನು ಅವಳು ಕನ್ನಡದಲ್ಲಿ ಹೇಳಿದಳು ಎಂದು ಬೇಕಾದರೆ ಲೆಕ್ಕ ಹಾಕಿಕೊಳ್ಳಿ.

ಮೊದಲು ನಕ್ಕದ್ದು ಶ್ರೀಲತಾ. ಆಮೇಲೆ ರಾಘು. ಹಿಂದಿನ ಕಾರಿನವನು ಹಾರ್ನ್ ಹೊಡೆದ, ಮುಂದೆ ದಾರಿ ಬಿಟ್ಟಿತ್ತು. ನಾನು ಡಬ್ಬಿ ತೆರೆದು ಎಲ್ಲರ ಕೈಗೂ ಒಂದೊಂದು ಮುದ್ದೆ ಪ್ರಸಾದ ಹಾಕಿದೆ. ಬೇರೇನು ಮಾಡಬೇಕೆಂದು ನನಗೆ ತೋಚಲಿಲ್ಲ.

ಆ ಪ್ರಸಾದ ತಿನ್ನುತ್ತಲೇ ಅವರಿಬ್ಬರೂ ಮಾತು ಶುರುಮಾಡಿದರು. ಆ ಕೋಲಿಗಿಂತ ಉದ್ದದ ಕೋಲು, ಸಮುದ್ರದ ದಂಡೆಯಾದರೆ ಹೇಗೆ, ಸಂಜೆ ಕರೆದರೆ ಹೇಗೆ, ಸೋಲಾರ್ ಪ್ಯಾನೆಲ್‌ಗಳು ಮಲಗುವ ಹೊತ್ತು ಯಾವುದು. ಮನೆ ಬರುವ ತನಕ ಅದೇ ಮಾತು. ಏನನ್ನೋ ಕಳೆದುಕೊಂಡ ಮನೆಯವರ ಹಾಗಿರಲಿಲ್ಲ, ಮದುವೆ ನಿಶ್ಚಯವಾದ ಮನೆಯವರ ಹಾಗಿತ್ತು.

ನಮ್ಮಲ್ಲಿ ಗಂಡ ಹೆಂಡತಿ ಜೊತೆಗೂಡಿ ಮಾಡುವ ಕೆಲಸಗಳು ಯಾವುವು? ಸಾಲದ ಕಾಗದಕ್ಕೆ ಸಹಿ. ಮಕ್ಕಳ ಶಾಲೆಯ ಮೀಟಿಂಗ್. ವರ್ಷಕ್ಕೊಮ್ಮೆ ಈ ಸತ್ಯನಾರಾಯಣ ಪೂಜೆ, ಅದರಲ್ಲೂ ಗಂಡ ಮಂತ್ರದ ನಡುವೆ ಫೋನ್ ನೋಡುತ್ತಿರುತ್ತಾನೆ. ಯಾವ ಲಾಭವೂ ಇಲ್ಲದ ಒಂದು ಆಟವನ್ನು ಇಬ್ಬರೂ ಅಷ್ಟೇ ಶ್ರದ್ಧೆಯಿಂದ ಆಡುವುದು, ಆ ಆಟದಲ್ಲಿ ಸುಳ್ಳು ಹೇಳಿದರೆ ಮನೆಯಲ್ಲೂ ಹೇಳಿದ ಹಾಗೇ ಎಂದುಕೊಳ್ಳುವುದು ಎಷ್ಟು ಜನಕ್ಕೆ ಸಿಕ್ಕೀತು? ಆ ಶನಿವಾರ ಅದನ್ನು ನೋಡಲು ನನಗೆ ಹಿಂದಿನ ಸೀಟು ಸಿಕ್ಕಿತ್ತು. ಫ್ರೀವೇ ಬರದಿರುವುದೂ ಒಂದು ಕೃಪೆಯೇ.

ಮನೆಗೆ ಬಂದವಳು ನಮ್ಮವರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, ‘ನಾನೂ ನೀನೂ ಏನಾದ್ರೂ ಕಲಿಯೋಣ ಅಂತೀಯಾ?’ ಎಂದರು. ‘ಮೊದಲು ಬೆಡ್‌ಶೀಟ್’ ಎಂದೆ.

ನಿನ್ನೆ ಸಂಜೆ ಶ್ರೀಲತಾಳ ಫೋನು.

‘ಆಂಟಿ! ಡೆಲವೇರ್ ಬಂತು!’

ನಾನು ಒಲೆ ಆರಿಸಿಯೇಬಿಟ್ಟೆ. ‘ಸಿಕ್ಕಿತಾ?’

‘ಹಿತ್ತಲ ತಂತಿಯಲ್ಲೇ ಬಂತು, ಸಾಕ್ಸ್ ಸಮೇತ! ಬೇರೆ ಯಾರೋ, ಒಬ್ರು ಹೆಂಗಸು. ಐದು-ಏಳು ಕೇಳ್ತಿತ್ತು. ಬೇರೆ ಯಾರೂ ಕರೀತಾ ಇರ್ಲಿಲ್ಲ.’

‘ಮತ್ತೆ?’

‘ಒಂದೇ ಮೈಕು ಆಂಟಿ. ನೀವು ಎರಡು ವರ್ಷ ಕಾದಿದ್ದೀರಿ, ನೀವೇ ಮೊದಲು ಕರೀರಿ ಅಂತ ಇವರ ಕೈಯಲ್ಲಿ ಇಟ್ಟೆ. ಇವ್ರು, ಇಲ್ಲ, ನೀ ಮೊದಲ, ನಿಂದು ಮೊನ್ನೆ ಹೋತು ಅಂತ ನನ್ನ ಕೈಗೆ ಕೊಟ್ರು. ನಾನು ವಾಪಸ್ ಕೊಟ್ಟೆ. ಇವ್ರು ವಾಪಸ್ ಕೊಟ್ರು.’

‘ಆಮೇಲೆ?’

‘ಆಮೇಲೆ ಎಂತ ಮಾರಾಯ್ರೆ, ಡೆಲವೇರ್ ಹೋಯ್ತು!’

ಅವಳ ಹಿಂದಿನಿಂದ ರಾಘುವಿನ ಕೂಗು ಕೇಳಿಸಿತು. ‘ತಪ್ಪು ಆಕೀದರೀ ಆಂಟಿ!’ ‘ನಿಮ್ದೇ!’ ಎಂದು ಅವಳು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುವುದು.

ಫೋನು ಇಟ್ಟ ಮೇಲೆ ಒಲೆ ಮತ್ತೆ ಹಚ್ಚಿದೆ. ನಮ್ಮ ಮನೆಗಳಲ್ಲಿ ಕೈತಪ್ಪಿದ್ದಕ್ಕೇನು ಕಡಿಮೆಯೇ? ಆದರೆ ‘ನೀವು ಮೊದಲು’, ‘ಇಲ್ಲ, ನೀ ಮೊದಲು’ ಎನ್ನುತ್ತಾ ಕೈತಪ್ಪಿಸಿಕೊಂಡದ್ದು ನಿಮ್ಮ ಮನೆಯಲ್ಲಿ ಏನಾದರೂ ಇದೆಯೇ?